ಊರಿಗೆ ಹೋಗಿ ಫೋನ್ ಮಾಡ್ತೀವಿ

ನನ್ನನ್ನು ನೋಡೋಕೆ ಮೊದಲ ಸಲ ಗಂಡಿನ ಕಡೆಯವರು ಬಂದಾಗ ನನಗೆ ಇಪ್ಪತ್ತಾರು ವರ್ಷ. ಮುಳಬಾಗಿಲಿನ ನಮ್ಮ ಮನೆಯ ಹಾಲ್‌ನಲ್ಲಿ ಎಂಟು ಜನ ಕೂತು ಕೇಸರಿಬಾತು, ಬಜ್ಜಿ ತಿಂದು, ಕಾಫಿ ಕುಡಿದು, ನನ್ನ ಸಂಬಳ ಎಷ್ಟು ಅಂತ ಎರಡು ಸಲ ಕೇಳಿ ಎದ್ದರು. ಹೊಸಿಲು ದಾಟುವಾಗ ಹುಡುಗನ ಸೋದರಮಾವ ನಗುನಗ್ತಾ ಹೇಳಿದ್ರು: "ಹುಡುಗಿ ಲಕ್ಷಣವಾಗಿದಾಳೆ. ಊರಿಗೆ ಹೋಗಿ ಫೋನ್ ಮಾಡ್ತೀವಿ."

ಅಮ್ಮ ಹನ್ನೊಂದು ದಿನ ಮೊಬೈಲನ್ನು ಅಡುಗೆಮನೆಗೂ ತಗೊಂಡು ಹೋಗ್ತಿದ್ರು. ಒಗ್ಗರಣೆ ಸದ್ದಿನಲ್ಲಿ ಕೇಳಿಸದೇ ಹೋದ್ರೆ ಅಂತ ವಾಲ್ಯೂಮ್ ಪೂರ್ತಿ ಏರಿಸಿಟ್ಟಿದ್ರು. ಅಪ್ಪ ಏನೂ ಕೇಳದವರಂತೆ ಇದ್ದು, ರಾತ್ರಿ ಮಲಗುವ ಮುಂಚೆ ಮಾತ್ರ "ಯಾರಾದ್ರೂ ಮಾಡಿದ್ರಾ?" ಅಂತಿದ್ರು. ಕೊನೆಗೆ ಮದುವೆ ಬ್ರೋಕರ್ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, ಆ ಹುಡುಗನಿಗೆ ಬೇರೆ ಕಡೆ ನಿಶ್ಚಯ ಆಗಿ ಒಂದು ವಾರವಾಯ್ತು ಅಂದ. ಬೇಡ ಅಂದಿದ್ದಕ್ಕೆ ನನಗೆ ಅಂಥ ಬೇಜಾರಾಗಲಿಲ್ಲ. ಆ ಹನ್ನೊಂದು ದಿನ ಅಮ್ಮನ ಕೈಯಲ್ಲಿದ್ದ ಫೋನ್ ಮಾತ್ರ ಇವತ್ತಿಗೂ ಕಣ್ಣ ಮುಂದಿದೆ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಎರಡು ವರ್ಷದ ನಂತರ ನಾನೇ ಆ ಸೋದರಮಾವನ ಜಾಗದಲ್ಲಿ ಕೂತು, ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೆ.

ನಾನು ಓದಿದ್ದು ಎಂಜಿನಿಯರಿಂಗ್. ಕೆಲಸ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ. ನೇಮಕಾತಿ ನೋಡಿಕೊಳ್ಳೋಕೆ ಇದ್ದ ಒಬ್ಬರೇ ಒಬ್ಬರು ಹೆರಿಗೆ ರಜೆಗೆ ಹೋದರು. ಅದೇ ಹೊತ್ತಿಗೆ ಟೆಸ್ಟಿಂಗ್ ಮತ್ತು ಸಪೋರ್ಟ್ ಕೆಲಸಕ್ಕೆ ಎಂಟು ಜನ ಹೊಸಬರು ಬೇಕಾಯ್ತು. ಮ್ಯಾನೇಜರ್ ನನ್ನ ಕಡೆ ತಿರುಗಿ, "ನೀನು ಕೋಲಾರದ ಕಡೆಯವಳಲ್ವಾ? ಆ ಕಡೆ ಹುಡುಗ್ರು ಬಂದ್ರೆ ಕೆಲಸ ಬಿಟ್ಟು ಓಡಲ್ಲ. ನೀನೇ ನೋಡ್ಕೋ" ಅಂದರು. ಕೋಡ್ ಬರೆಯೋಕೆ ಬರುತ್ತೆ ಅಂದಮೇಲೆ ಜನರ ಜತೆ ಮಾತಾಡೋದು ಏನು ಮಹಾ ಅಂದುಕೊಂಡು ಒಪ್ಪಿಕೊಂಡೆ.

ಅವರು ಹೇಳಿದ್ದು ಪೂರ್ತಿ ತಪ್ಪಲ್ಲ. ನಮ್ಮ ಕಡೆಯವರಿಗೆ ಕೆಲಸದ ಬೆಲೆ ಗೊತ್ತು. 2001ರ ಫೆಬ್ರುವರಿ 28ಕ್ಕೆ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಎಷ್ಟೋ ಮನೆಗಳು ಬೆಳಗಿನ ರೈಲಿನ ಮೇಲೇ ನಿಂತಿವೆ. ಬೆಳಕು ಹರಿಯೋ ಮುಂಚೆ ಹತ್ತಿ, ಬಂಗಾರಪೇಟೆ, ಟೇಕಲ್, ಮಾಲೂರು ದಾಟಿ ಬೆಂಗಳೂರಿಗೆ ದುಡಿಯೋಕೆ ಬಂದು, ಕತ್ತಲಾದ ಮೇಲೆ ಮನೆ ಸೇರುವವರು. ಈಗ ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಕೆಲಸ ಇದೆ ನಿಜ. ಆದರೂ ಡಿಗ್ರಿ ಮುಗಿಸಿದ ಮಗನೋ ಮಗಳೋ ಸಾಫ್ಟ್‌ವೇರ್‌ಗೆ ಸೇರಲಿ ಅನ್ನೋ ಆಸೆ ಟೊಮೆಟೊ ಬೆಳೆಯೋ ಮನೆಯಲ್ಲೂ ಇದೆ, ರೇಷ್ಮೆ ಹುಳು ಸಾಕೋ ಮನೆಯಲ್ಲೂ ಇದೆ.

ನಾಲ್ಕು ತಾಲ್ಲೂಕಿನಿಂದ ನೂರನಲವತ್ತು ಅರ್ಜಿ ಬಂದವು. ನಾನು ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಮಾತು ಬರೆದಿಟ್ಟುಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡ್ತಾ ಹೋದೆ. ಹೆಸರು, ಪರ್ಸೆಂಟೇಜು, ನಾಲ್ಕು ಪ್ರಶ್ನೆ. ಕೊನೆಗೆ ಎಲ್ಲರಿಗೂ ಒಂದೇ ಸಾಲು: "ವಿ ವಿಲ್ ಗೆಟ್ ಬ್ಯಾಕ್ ಟು ಯೂ." ಅದರ ಅರ್ಥ ಏನು ಅಂತ ನನಗೂ ಗೊತ್ತಿರಲಿಲ್ಲ. ಎಲ್ಲರೂ ಹಾಗೇ ಹೇಳ್ತಾರೆ, ನಾನೂ ಹೇಳಿದೆ.

ಅವರಲ್ಲಿ ಶ್ರೀನಿವಾಸಪುರದ ಹತ್ತಿರದ ಹಳ್ಳಿಯ ಒಬ್ಬ ಹುಡುಗಿ ಇದ್ದಳು. ಜನವರಿ ಕೊನೆ. ಹಿಂದೆ ಯಾರೋ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡ್ತಿದ್ರು. "ಒಂದ್ನಿಮಿಷ ಮೇಡಂ, ತೋಪಿನ ಒಳಗೆ ಹೋಗ್ತೀನಿ, ಅಲ್ಲಿ ಸಿಗ್ನಲ್ ಸಿಗುತ್ತೆ" ಅಂದಳು. ಮಾವಿನ ಮರಗಳು ಹೂ ಬಿಟ್ಟಿದ್ದ ಕಾಲ. ಆ ತೋಪಿನಲ್ಲಿ ನಿಂತೇ ಅರ್ಧ ಗಂಟೆ ಉತ್ತರ ಕೊಟ್ಟಳು. ಚೆನ್ನಾಗಿ ಕೊಟ್ಟಳು. ನನಗೆ ನಿಜವಾಗಿಯೂ ಖುಷಿಯಾಗಿ, ಹಾಳೆಯಲ್ಲಿ ಇಲ್ಲದ ಮಾತೊಂದನ್ನು ಸೇರಿಸಿದೆ: "ತುಂಬಾ ಚೆನ್ನಾಗಿ ಮಾಡಿದೀಯಾ. ನಾನು ಫೋನ್ ಮಾಡ್ತೀನಿ."

ಫೆಬ್ರುವರಿಯಲ್ಲಿ ಕಂಪನಿ ಎಂಟು ಹುದ್ದೆಯನ್ನು ಮೂರಕ್ಕೆ ಇಳಿಸಿತು. ಆ ಮೂರಕ್ಕೆ ಮೊದಲೇ ಇಂಟರ್ವ್ಯೂ ಮುಗಿದವರನ್ನು ತಗೊಂಡ್ವಿ. ಉಳಿದವರ ಹೆಸರು ಕಂಪ್ಯೂಟರಿನ ಒಂದು ಪಟ್ಟಿಯಲ್ಲಿ ಹಳದಿ ಬಣ್ಣದಲ್ಲಿ ಹಾಗೇ ಉಳಿದವು. ನನ್ನ ಲೆಕ್ಕದಲ್ಲಿ ಆ ಕೆಲಸ ಮುಗಿದಿತ್ತು.

ಮೇ ತಿಂಗಳ ಕೊನೆ ವಾರ ಒಂದು ನಂಬರಿನಿಂದ ಫೋನ್ ಬಂತು. "ಮೇಡಂ, ನಾನು ಶ್ರೀನಿವಾಸಪುರದಿಂದ..." ಗುರುತು ಸಿಗಲಿಲ್ಲ. ತೋಪು ಅಂದಮೇಲೆ ನೆನಪಾಯ್ತು. ಮರದ ಹೂವೆಲ್ಲ ಕಾಯಾಗಿ, ಬಾದಾಮಿ, ತೋತಾಪುರಿ ಮಂಡಿಗೆ ಬರ್ತಿದ್ದ ಹೊತ್ತು.

"ಮೇಡಂ, ನಿಮಗೆ ತೊಂದರೆ ಕೊಡಬಾರದು ಅಂತ ಇಷ್ಟು ದಿನ ಮಾಡ್ಲಿಲ್ಲ. ಆಯ್ತಾ, ಇಲ್ವಾ ಅಂತ ಒಂದು ಮಾತು ಹೇಳ್ತೀರಾ? ಫೆಬ್ರುವರಿಯಲ್ಲಿ ನರಸಾಪುರದಲ್ಲಿ ಕ್ವಾಲಿಟಿ ಸೆಕ್ಷನ್‌ನಲ್ಲಿ ಕೆಲಸ ಸಿಕ್ಕಿತ್ತು. ನೀವು ಮಾಡ್ತೀನಿ ಅಂದಿದ್ರಲ್ಲ, ಅದಕ್ಕೆ ಹೋಗ್ಲಿಲ್ಲ. ಈಗ ಮನೇಲಿ ಮದುವೆ ಮಾತು ಆಡ್ತಿದಾರೆ. ಕೆಲಸ ಇದೆ ಅಂದ್ರೆ ಒಂದೆರಡು ವರ್ಷ ತಡೀತಾರೆ."

ನಾನು ಸುಮ್ಮನೆ ನಿಂತೆ. ಆಮೇಲೆ ನಿಜ ಹೇಳಿದೆ: ಹುದ್ದೆ ಫೆಬ್ರುವರಿಯಲ್ಲೇ ಮುಗಿಯಿತು, ತಿಳಿಸದೇ ಇದ್ದಿದ್ದು ನನ್ನ ತಪ್ಪು. ಅವಳು ಕೂಗಾಡಲಿಲ್ಲ. "ಬೇಡ ಅಂತ ಹೇಳಿದ್ರೂ ಸಾಕಿತ್ತು ಅಕ್ಕಾ" ಅಂದಳು. ಅಷ್ಟು ಹೊತ್ತು ಮೇಡಂ ಅಂತಿದ್ದವಳು ಆ ಒಂದು ಮಾತಿಗೆ ಅಕ್ಕಾ ಅಂದಳು. ನನಗೆ ಅಡುಗೆಮನೆಯಲ್ಲಿ ಫೋನ್ ಹಿಡ್ಕೊಂಡು ನಿಂತ ಅಮ್ಮ ನೆನಪಾದರು. ಅಮ್ಮ ಕಾದಿದ್ದು ಹನ್ನೊಂದು ದಿನ. ಇವಳು ಕಾದಿದ್ದು ನಾಲ್ಕು ತಿಂಗಳು.

ಅವತ್ತು ರಾತ್ರಿ ಆ ಪಟ್ಟಿ ತೆಗೆದು ಹಳದಿ ಬಣ್ಣದ ಹೆಸರುಗಳನ್ನು ಎಣಿಸಿದೆ. ಮೂವತ್ತೊಂದು. ಮಾರನೇ ದಿನದಿಂದ ಆ ಮೂವತ್ತೊಂದು ಜನಕ್ಕೂ ಫೋನ್ ಮಾಡೋಕೆ ಶುರು ಮಾಡಿದೆ. ಕೆಲಸ ಇಲ್ಲ ಅಂತ ಹೇಳೋಕೆ, ಕ್ಷಮೆ ಕೇಳೋಕೆ. ಜನರ ಜತೆ ಮಾತಾಡೋದನ್ನ ನಾನು ಕಲಿತಿದ್ದು ಆ ಫೋನುಗಳಲ್ಲಿ.

ಮೊದಲನೆಯದರಲ್ಲೇ ಎಡವಿದೆ. ಕೋಲಾರದ ಹುಡುಗ. ನೋವಾಗಬಾರದು ಅಂತ ಹತ್ತು ನಿಮಿಷ ಅವನ ಪ್ರಾಜೆಕ್ಟನ್ನು ಹೊಗಳಿದೆ, ಮಾರ್ಕ್ಸ್ ಹೊಗಳಿದೆ, "ಸದ್ಯದ ಪರಿಸ್ಥಿತಿಯಲ್ಲಿ..." ಅಂತ ಏನೇನೋ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವನು ಸಂತೋಷದಿಂದ, "ಹಂಗಾದ್ರೆ ಯಾವಾಗ ಜಾಯಿನ್ ಆಗ್ಬೇಕು ಮೇಡಂ?" ಅಂದ. ತಲೆ ಚಚ್ಚಿಕೊಳ್ಳೋ ಹಾಗಾಯ್ತು. ಅವನಿಗೆ ಎರಡು ಸಲ ನೋವು ಮಾಡಿದೆ.

ಅಲ್ಲಿಂದ ಮುಂದೆ ಒಂದು ಕ್ರಮ ಇಟ್ಟುಕೊಂಡೆ. ಮೊದಲ ಎರಡು ವಾಕ್ಯದಲ್ಲೇ ವಿಷಯ: "ಈ ಸಲ ನಿಮಗೆ ಕೆಲಸ ಆಗ್ಲಿಲ್ಲ. ಅದನ್ನ ಹೇಳೋಕೇ ಫೋನ್ ಮಾಡಿದೆ." ಆಮೇಲೆ ನಿಜವಾದ ಒಂದೇ ಒಂದು ಕಾರಣ. ಹುದ್ದೆ ಕಮ್ಮಿಯಾಗಿದ್ದರೆ ಅದನ್ನೇ ಹೇಳೋದು, ಅವರಲ್ಲೇ ಕೊರತೆ ಇದ್ದರೆ "ಎಸ್‌ಕ್ಯೂಎಲ್ ಇನ್ನೂ ಸ್ವಲ್ಪ ಕೈಯಾರೆ ಮಾಡಿ ನೋಡಿ" ಅಂತ ಬಿಡಿಸಿ ಹೇಳೋದು. ಕೊನೆಗೆ, ಮತ್ತೆ ಅರ್ಜಿ ಹಾಕಬಹುದಾ ಇಲ್ವಾ ಅನ್ನೋದು. ಆಗೋದಿಲ್ಲ ಅಂತ ಗೊತ್ತಿದ್ದಾಗ "ನೋಡೋಣ" ಅನ್ನೋ ಪದವನ್ನೇ ಬಿಟ್ಟೆ. ನಮ್ಮ ಕಡೆ ಹೇಳುವವರ ಬಾಯಲ್ಲಿ ಅದು ಬೇಡ ಅಂತ ಇರುತ್ತೆ, ಕೇಳುವವರ ಕಿವಿಗೆ ಆಯ್ತು ಅಂತ ಬೀಳುತ್ತೆ.

ಮಾಲೂರಿನ ಒಬ್ಬ ಹುಡುಗನ ಹೆಸರಿನ ಮುಂದೆ ನಾನೇ "ಆಸಕ್ತಿ ಇಲ್ಲ" ಅಂತ ಬರೆದಿಟ್ಟಿದ್ದೆ. ಜನವರಿಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡಿದಾಗ ತೊದಲುತ್ತಾ "ಯಾರು... ಆಮೇಲೆ ಮಾಡಿ" ಅಂತ ಕಟ್ ಮಾಡಿದ್ದ. ಈಗ ಮತ್ತೆ ಮಾಡಿದಾಗ ಗೊತ್ತಾಯ್ತು, ಅವನು ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಶಿಫ್ಟ್ ಮಾಡ್ತಾನೆ. ಬೆಳಿಗ್ಗೆ ಮನೆಗೆ ಬಂದು ಉಂಡು ಮಲಗಿದ್ದ ಹೊತ್ತಿಗೆ ನನ್ನ ಫೋನ್ ಹೋಗಿತ್ತು. ಎದ್ದ ಮೇಲೆ ಆ ನಂಬರಿಗೆ ನಾಲ್ಕು ಸಲ ಮಾಡಿದ್ದನಂತೆ. ಅದು ಆಫೀಸಿನ ನಂಬರು, ಹೊರಗಿನ ಕರೆ ನನ್ನ ಟೇಬಲ್‌ಗೆ ಬರೋದೇ ಇಲ್ಲ. ಡಿಗ್ರಿ ಇಟ್ಟುಕೊಂಡು ರಾತ್ರಿಯೆಲ್ಲ ನಿಂತು ದುಡಿಯೋ ಹುಡುಗನನ್ನು ನಾನು ಆಸಕ್ತಿ ಇಲ್ಲದವನು ಅಂತ ಬರೆದಿದ್ದೆ.

ಈಗ ಮೊದಲು ಒಂದು ಮೆಸೇಜ್ ಕಳಿಸ್ತೀನಿ. ನಾನು ಯಾರು, ಯಾವ ಕಂಪನಿ, ಯಾವ ಕೆಲಸ, ಎಷ್ಟು ನಿಮಿಷ ಬೇಕು, ನಿಮಗೆ ಯಾವಾಗ ಬಿಡುವು. ಅದರಲ್ಲೇ "ಕೆಲಸ ಕೊಡೋಕೆ ನಾವು ಹಣ ಕೇಳೋದಿಲ್ಲ, ಯಾರಾದ್ರೂ ನಮ್ಮ ಹೆಸರಲ್ಲಿ ಕೇಳಿದ್ರೆ ಕೊಡಬೇಡಿ" ಅಂತಲೂ ಸೇರಿಸ್ತೀನಿ. ಕೆಲಸದ ಆಸೆ ತೋರಿಸಿ ದುಡ್ಡು ಕಿತ್ತುಕೊಂಡ ಕಥೆ ಪ್ರತಿ ಊರಲ್ಲೂ ಒಂದಿದೆ. ಫೋನ್ ತೆಗೆದ ಕೂಡಲೇ "ಈಗ ಮಾತಾಡಬಹುದಾ?" ಅಂತ ಕೇಳ್ತೀನಿ. ಕೆಲವರು ಸೂಪರ್‌ವೈಸರ್ ಪಕ್ಕದಲ್ಲೇ ನಿಂತಿರ್ತಾರೆ.

ಇಂಟರ್ವ್ಯೂ ಸಮಯವನ್ನೂ ಬದಲಾಯಿಸಿದೆ. ಮುಂಚೆ ಒಂಬತ್ತಕ್ಕೆ ಬನ್ನಿ ಅಂತಿದ್ವಿ. ಮುಳಬಾಗಿಲಿನಿಂದ ಬೆಂಗಳೂರಿಗೆ ಹೆಚ್ಚುಕಮ್ಮಿ ನೂರು ಕಿಲೋಮೀಟರ್. ಒಳಗಿನ ಹಳ್ಳಿಯಿಂದ ಮುಖ್ಯರಸ್ತೆಗೆ ಬರೋಕೇ ಒಂದು ಬಸ್ಸು ಕಾಯಬೇಕು. ಒಂಬತ್ತಕ್ಕೆ ಅಂದ್ರೆ ಆ ಮಗು ನಾಲ್ಕಕ್ಕೆ ಎದ್ದು, ಹಸಿದ ಹೊಟ್ಟೆಯಲ್ಲಿ ಬಂದು ಕೂರುತ್ತೆ. ನಾವು "ಕಾನ್ಫಿಡೆನ್ಸ್ ಇಲ್ಲ" ಅಂತ ಬರೀತೀವಿ. ಈಗ ಹನ್ನೊಂದೂವರೆ. ಮಾಲೂರು, ಬಂಗಾರಪೇಟೆ ಕಡೆಯವರು ರೈಲಲ್ಲಿ ವೈಟ್‌ಫೀಲ್ಡ್ ಸ್ಟೇಷನ್ನಿಗೆ ಇಳಿದು ಹೇಗೆ ಬರಬೇಕು, ಬಸ್ಸಲ್ಲಿ ಬರೋರು ಎಲ್ಲಿ ಇಳೀಬೇಕು ಅನ್ನೋದನ್ನ ಕನ್ನಡದಲ್ಲಿ ಬರೆದು ಕಳಿಸ್ತೀವಿ. ಬಂದವರಿಗೆ ಮೊದಲು ತಿಂಡಿ ಆಯ್ತಾ ಅಂತ ಕೇಳ್ತೀವಿ.

ಭಾಷೆಯ ವಿಷಯ ನನಗೆ ಕಲಿಸಿದವನು ನಮ್ಮ ಮುಳಬಾಗಿಲು ತಾಲ್ಲೂಕಿನ ಹುಡುಗನೇ. ಅಷ್ಟರಲ್ಲಿ ಕಂಪನಿ ಮತ್ತೆ ನಾಲ್ಕು ಹುದ್ದೆ ತೆರೆದಿತ್ತು. ಡೇಟಾಬೇಸ್‌ನಲ್ಲಿ 'ಲೆಫ್ಟ್ ಜಾಯಿನ್' ಅಂದ್ರೆ ಏನು ಅಂತ ಕೇಳಿದೆ. ಅವನು ಇಂಗ್ಲಿಷಿನಲ್ಲಿ ಪುಸ್ತಕದ ಸಾಲನ್ನು ಅರ್ಧ ಹೇಳಿ ನಿಂತ. ಹಣೆ ಮೇಲೆ ಬೆವರು. "ಕನ್ನಡದಲ್ಲೇ ಹೇಳಿ" ಅಂದೆ. ಆಗಲೂ ತಡವರಿಸಿದ. ನಮ್ಮ ಗಡಿ ಊರುಗಳಲ್ಲಿ ಶಾಲೆ ಕನ್ನಡ, ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ನಮ್ಮ ಮನೆಯೂ ಹಾಗೇ. "ಪರವಾಲೇದು, ನಿದಾನಂಗಾ ಚೆಪ್ಪಪ್ಪಾ" ಅಂದೆ. ಪರವಾಗಿಲ್ಲ, ನಿಧಾನವಾಗಿ ಹೇಳಪ್ಪ ಅಂತ. ಅವನ ಮುಖ ಅರಳಿತು.

ಅವನ ಅಪ್ಪ ವಡ್ಡಹಳ್ಳಿ ಟೊಮೆಟೊ ಮಾರುಕಟ್ಟೆಗೆ ಮಾಲು ಹಾಕ್ತಾರೆ. ಅವನು ರಜೆಯಲ್ಲಿ ಅಲ್ಲಿನ ಒಂದು ಮಂಡಿಯಲ್ಲಿ ಲೆಕ್ಕ ಬರೆದವನು. ತೆಲುಗು, ಕನ್ನಡ ಎರಡನ್ನೂ ಕಲಸಿ ವಿವರಿಸಿದ: "ಮಂಡಿಯಲ್ಲಿ ಎರಡು ಪುಸ್ತಕ ಇರುತ್ತೆ ಅಕ್ಕಾ. ಒಂದರಲ್ಲಿ ರೈತರ ಹೆಸರು. ಇನ್ನೊಂದರಲ್ಲಿ ಇವತ್ತು ಬಂದ ಲಾಟು, ಎಷ್ಟು ಬಾಕ್ಸು, ಹರಾಜಲ್ಲಿ ಎಷ್ಟಕ್ಕೆ ಹೋಯ್ತು. ಎರಡನ್ನೂ ಸೇರಿಸುವಾಗ ರೈತರ ಪುಸ್ತಕದಲ್ಲಿರೋ ಎಲ್ಲರ ಹೆಸರೂ ಬರ್ಬೇಕು, ಇವತ್ತು ಮಾಲು ತರದೇ ಇದ್ದೋರ್ದೂನು. ಅವರ ಮುಂದೆ ಲಾಟಿನ ಜಾಗ ಖಾಲಿ ಇರುತ್ತೆ. ಅದೇ ಲೆಫ್ಟ್ ಜಾಯಿನ್." ಇದಕ್ಕಿಂತ ಚೆನ್ನಾಗಿ ನನಗೆ ಕಾಲೇಜಿನಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ. ಅಲ್ಲಿಗೇ ನಿಲ್ಲಿಸಲಿಲ್ಲ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದಾಗ, ನೂರರ ಅಂಕಿ ಬರೆದು ಅಭ್ಯಾಸ ಇದ್ದವರು ಲೆಕ್ಕದಲ್ಲಿ ಎಲ್ಲೆಲ್ಲಿ ತಪ್ಪು ಮಾಡಬಹುದು ಅಂತಲೂ ಹೇಳಿದ. ಟೆಸ್ಟಿಂಗ್ ಕೆಲಸಕ್ಕೆ ಬೇಕಾಗಿರೋದು ಅದೇ ಬುದ್ಧಿ.

ನಮ್ಮ ಕೆಲಸದಲ್ಲಿ ಇಂಗ್ಲಿಷ್ ಬೇಡ ಅಂತ ನಾನು ಹೇಳ್ತಿಲ್ಲ. ಮೇಲ್ ಬರೀಬೇಕು, ಹೊರದೇಶದ ಗ್ರಾಹಕರ ಜತೆ ಮಾತಾಡಬೇಕು. ಅದನ್ನ ಅವನಿಗೂ ನೇರವಾಗಿ ಹೇಳಿದೆ, ಆರು ತಿಂಗಳಲ್ಲಿ ಕಲೀಬೇಕು ಅಂತ. ಆದರೆ ಬುದ್ಧಿ ಇದೆಯಾ ಅಂತ ಅಳೆಯೋದು ಬೇರೆ, ಇಂಗ್ಲಿಷ್ ಬರುತ್ತಾ ಅಂತ ಅಳೆಯೋದು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ನಾನು ಅವನಿಗಿಂತ ಮುಂಚೆ ಎಷ್ಟು ಜನರನ್ನು ಕಳಕೊಂಡಿದ್ದೆನೋ.

ಇನ್ನು ಸಂಬಳದ ಮಾತು. ಇದು ಕೋಲಾರದ ಒಬ್ಬ ಆಟೋ ಓಡಿಸೋ ಅಪ್ಪನಿಂದ ಕಲಿತದ್ದು. ಮಗಳು ಆಯ್ಕೆಯಾಗಿದ್ದಳು. ನಾನು ಖುಷಿಯಿಂದ "ವರ್ಷಕ್ಕೆ 3 ಲಕ್ಷದ 60 ಸಾವಿರ ಸಿಟಿಸಿ" ಅಂದೆ. ಅವಳು ಫೋನನ್ನು ಅಪ್ಪನಿಗೆ ಕೊಟ್ಟಳು. "ಅಮ್ಮಾ, ತಪ್ಪು ತಿಳೀಬೇಡಿ. ತಿಂಗಳಿಗೆ ಕೈಗೆ ಎಷ್ಟು ಬರುತ್ತೆ? ಬಾಯಲ್ಲಿ ಬೇಡ, ಬರೆದು ಕೊಡಿ." ಅವರ ಮಗ ಏಜೆನ್ಸಿ ಮೂಲಕ ಹೊಸೂರು ಕಡೆ ಒಂದು ಕಾರ್ಖಾನೆಗೆ ಸೇರಿದಾಗ ಹೇಳಿದ್ದೊಂದು, ಕೊಟ್ಟಿದ್ದೊಂದು ಆಗಿತ್ತಂತೆ.

ಅವರ ಅನುಮಾನವನ್ನು ನಾನು ತಪ್ಪು ಅನ್ನೋ ಹಾಗಿರಲಿಲ್ಲ. 2020ರ ಡಿಸೆಂಬರ್ 12ರ ಬೆಳಿಗ್ಗೆ ಕೋಲಾರದ ಪಕ್ಕದ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ ಏನಾಯ್ತು ಅಂತ ನಿಮಗೂ ನೆನಪಿರಬಹುದು. ಸಂಬಳ ಸರಿಯಾಗಿ ಬರ್ತಿಲ್ಲ ಅಂತ ಕಾರ್ಮಿಕರ ಸಿಟ್ಟು ಸಿಡಿದು ಗಾಜು ಒಡೆದವು, ವಾಹನಗಳು ಉರುಳಿದವು. ಅಲ್ಲಿದ್ದವರಲ್ಲಿ ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಸೇರಿದ್ದವರು. ಆಮೇಲೆ ಆಪಲ್ ನಡೆಸಿದ ಪರಿಶೀಲನೆಯಲ್ಲಿ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಕೆಲವರಿಗೆ ಸಂಬಳ ತಡವಾಗಿದ್ದು ನಿಜ ಅಂತ ಗೊತ್ತಾಯ್ತು, ಕಂಪನಿಯೂ ಕಾರ್ಮಿಕರ ಕ್ಷಮೆ ಕೇಳಿತು. ಒಡೆದಿದ್ದು ಸರಿ ಅಂತ ನಾನು ಹೇಳಲಾರೆ. ಆದರೆ ಸಂಬಳದ ಮಾತು ಬಿಡಿಸಿ ಹೇಳದೇ ಹೋದರೆ ಅದು ಎಲ್ಲಿಗೆ ಹೋಗಿ ಮುಟ್ಟಬಹುದು ಅಂತ ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತಾಗಿದೆ.

ಅವತ್ತು ಒಂದು ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಫೋಟೊ ಕಳಿಸಿದೆ. ತಿಂಗಳಿಗೆ ಲೆಕ್ಕ 30,000. ಅದರಲ್ಲಿ ಮೂಲ ವೇತನ 15,000. ಕಂಪನಿ ಪಿಎಫ್‌ಗೆ ಹಾಕೋ 12 ಪರ್ಸೆಂಟ್, ಅಂದ್ರೆ 1,800 ಈ 30,000ದ ಒಳಗೇ ಇದೆ. ಗ್ರಾಚ್ಯುಟಿ ಅಂತ ಎತ್ತಿಡೋ ಸುಮಾರು 720 ರೂಪಾಯಿಯೂ ಒಳಗೇ ಇದೆ. ಉಳಿದದ್ದರಲ್ಲಿ ಮಗಳ ಪಾಲಿನ ಪಿಎಫ್ ಮತ್ತೆ 1,800, ವೃತ್ತಿ ತೆರಿಗೆ 200. ಕೈಗೆ ಬರೋದು ಸುಮಾರು 25,400. ಪಿಎಫ್ ಹಣ ಎಲ್ಲೂ ಹೋಗಲ್ಲ, ಅವಳ ಹೆಸರಲ್ಲೇ ಇರುತ್ತೆ. ವೈಟ್‌ಫೀಲ್ಡ್ ಕಡೆ ಪಿಜಿ ಬಾಡಿಗೆ ವಿಚಾರಿಸಿಕೊಂಡು ಒಪ್ಪಿಕೊಳ್ಳಿ ಅಂತ ಕೊನೆಗೆ ಬರೆದೆ.

ಮ್ಯಾನೇಜರ್ ನೋಡಿ, "ಇಷ್ಟೆಲ್ಲ ಹೇಳಿದ್ರೆ ಯಾರು ಬರ್ತಾರೆ?" ಅಂದರು. ಅವಳು ಬಂದಳು. ಅದೇ ಹಾಳೆ ನೋಡಿ, ಬಾಡಿಗೆಗೆ ಕೊಟ್ಟು ಮನೆಗೆ ಕಳಿಸೋಕೆ ಏನೂ ಉಳಿಯಲ್ಲ ಅಂತ ಇಬ್ಬರು ಬೇಡ ಅಂದಿದ್ದೂ ಇದೆ. ಅವರು ಸೇರಿ ಎರಡೇ ತಿಂಗಳಿಗೆ ಬಿಟ್ಟು ಹೋಗೋದಕ್ಕಿಂತ ಅದೇ ವಾಸಿ ಅಂತ ಈಗ ಮ್ಯಾನೇಜರೂ ಒಪ್ಪುತ್ತಾರೆ.

ಈಗ ನಮ್ಮಲ್ಲಿ ಎರಡು ನಿಯಮ ಇವೆ. ಇಂಟರ್ವ್ಯೂ ಮುಗಿದ ಕೂಡಲೇ ಯಾವ ತಾರೀಖಿಗೆ ಉತ್ತರ ಸಿಗುತ್ತೆ ಅಂತ ಹೇಳಬೇಕು. ಆ ತಾರೀಖಿಗೆ ನಿರ್ಧಾರ ಆಗದೇ ಇದ್ದರೆ, ಇನ್ನೂ ಆಗಿಲ್ಲ ಅಂತ ಹೇಳೋಕಾದ್ರೂ ಫೋನ್ ಮಾಡಬೇಕು. ಅರ್ಜಿ ಹಾಕಿದ ಎಲ್ಲರಿಗೂ ಫೋನ್ ಮಾಡೋಕಾಗಲ್ಲ, ಅವರಿಗೆ ಮೆಸೇಜ್ ಹೋಗುತ್ತೆ. ಆದರೆ ಇಂಟರ್ವ್ಯೂಗೆ ಕೂತವರಿಗೆಲ್ಲ ಫೋನೇ. ಶುಕ್ರವಾರ ಸಂಜೆ ನಾಲ್ಕರಿಂದ ಐದೂವರೆ ನಾನು ಬೇರೆ ಕೆಲಸ ಇಟ್ಟುಕೊಳ್ಳಲ್ಲ. ಸುಲಭ ಅಂತ ಹೇಳಲ್ಲ. ಕೆಲವರು ಅಳ್ತಾರೆ. ಒಬ್ಬ ಹುಡುಗ "ನಿಮ್ಮ ಕಂಪನಿ ಬೇಕಾಗೂ ಇಲ್ಲ" ಅಂತ ಬೈದು ಇಟ್ಟ. ಬೈಯಲಿ. ಕಾಯ್ತಾ ಕೂರಲಿಲ್ಲವಲ್ಲ.

ಶ್ರೀನಿವಾಸಪುರದ ಆ ಹುಡುಗಿಗೆ ಕೊನೆಗೆ ನಾನೇ ಕೆಲಸ ಕೊಡಿಸಿದೆ ಅಂತ ಬರೆಯೋಕೆ ಆಸೆ. ಹಾಗಾಗಲಿಲ್ಲ. ಗೊತ್ತಿದ್ದ ಎರಡು ಕಡೆ ಅವಳ ರೆಸ್ಯೂಮೆ ಕಳಿಸಿದೆ, ಎರಡೂ ಕೂಡಿಬರಲಿಲ್ಲ. ಅವಳೇ ಓಡಾಡಿ ಚಿಂತಾಮಣಿಯ ಒಂದು ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಟೀಚರ್ ಆದಳು. ಮದುವೆ ಮಾತು ಸದ್ಯಕ್ಕೆ ನಿಂತಿದೆ ಅಂತ ಹೇಳಿದ್ದಳು. ಕಳೆದ ವರ್ಷ ನಮ್ಮಲ್ಲಿ ಹುದ್ದೆ ತೆರೆದ ದಿನವೇ ಮೊದಲ ಫೋನ್ ಅವಳಿಗೆ ಮಾಡಿದೆ. ಕೈಗೆಷ್ಟು, ಇರೋದೆಲ್ಲಿ, ಎಲ್ಲ ಕೇಳಿಕೊಂಡು, "ಮನೇಲಿ ಮಾತಾಡಿ ಗುರುವಾರ ಹೇಳ್ತೀನಿ ಅಕ್ಕಾ" ಅಂದಳು.

ಗುರುವಾರ ಸಂಜೆ ಐದಕ್ಕೆ ಸರಿಯಾಗಿ ಫೋನ್ ಬಂತು. "ಬರಲ್ಲ ಅಕ್ಕಾ. ಬಿ.ಎಡ್‌ಗೆ ಸೇರ್ತಿದೀನಿ. ನೀವು ಕಾಯ್ತಿರ್ತೀರಲ್ಲ, ಅದಕ್ಕೆ ಮಾಡಿದೆ."